ವಿಜ್ಞಾನ ಪರೀಕ್ಷೆಯ ಸ್ಪೆಷಲ್ ಬಸ್ಸು

ಅಲ್ಲಾ, ನೂರಕ್ಕೆ ನಲವತ್ತಮೂರು ತೆಗೆದ ಹುಡುಗಿ ಫೇಲ್ ಹೇಗಾಗ್ತಾಳೆ ಹೇಳಿ? ಪಾಸಾಗೋಕೆ ಬೇಕಾಗಿದ್ದು ಮೂವತ್ತೈದು. ನಲವತ್ತಮೂರು ದೊಡ್ಡದೋ, ಮೂವತ್ತೈದು ದೊಡ್ಡದೋ? ಒಂದನೇ ಕ್ಲಾಸಿನ ಮಗುವನ್ನ ಎಬ್ಬಿಸಿ ಕೇಳಿದರೂ ಸರಿಯಾಗಿ ಹೇಳುತ್ತೆ. ಆದರೆ ಹೋದ ವರ್ಷ ನನ್ನ ಮಗಳ ಅಂಕಪಟ್ಟಿಯಲ್ಲಿ ಬೇರೆಲ್ಲಾ ವಿಷಯ ಪಾಸು, ವಿಜ್ಞಾನದ ಮುಂದೆ ಮಾತ್ರ ನಲವತ್ತಮೂರು ಅಂತ ಬರೆದು, ಪಕ್ಕದಲ್ಲೇ 'ಅನುತ್ತೀರ್ಣ' ಅಂತಲೂ ಬರೆದಿತ್ತು. ಓದಿದ ತಕ್ಷಣ ನನಗೆ ಪಿತ್ತ ನೆತ್ತಿಗೇರಿತು. ಊಟ ಬಿಟ್ಟು ಎದ್ದು, ಚಪ್ಪಲಿ ಮೆಟ್ಟಿಕೊಂಡು, ನೇರ ಸ್ಕೂಲಿಗೆ ಹೋದೆ.

ಹೆಡ್ ಮಿಸ್ಟ್ರೆಸ್ಸನ್ನ ಮಕ್ಕಳೆಲ್ಲಾ ದೊಡ್ಡ ಮೇಡಂ ಅಂತಾರೆ. ಸಣ್ಣ ಆಕೃತಿ, ಸಣ್ಣ ಧ್ವನಿ. ಯಾರೇನು ಕೂಗಾಡಿದರೂ ಕನ್ನಡಕ ಒರೆಸಿಕೊಂಡು ಕೂತಿರುವ ಹೆಂಗಸು. ಅಂಥವರನ್ನ ಕಂಡರೆ ನನಗೆ ಇನ್ನೂ ಮೈ ಉರಿಯುತ್ತೆ.

"ಕೂತ್ಕೊಳ್ಳಿ. ವಿಜ್ಞಾನದಲ್ಲಿ ಬರವಣಿಗೆಗೆ ಎಂಬತ್ತು, ಪ್ರಯೋಗಕ್ಕೆ ಇಪ್ಪತ್ತು," ಅಂದರು. "ಒಟ್ಟು ಮೂವತ್ತೈದು ಬಂದ್ರೆ ಸಾಲದು. ಬರವಣಿಗೆಯಲ್ಲೇ ಇಪ್ಪತ್ತೆಂಟು ಬರ್ಬೇಕು. ನಿಮ್ಮ ಮಗಳಿಗೆ ಪ್ರಯೋಗದಲ್ಲಿ ಹತ್ತೊಂಬತ್ತು ಬಂದಿದೆ, ಬರವಣಿಗೆಯಲ್ಲಿ ಇಪ್ಪತ್ತನಾಲ್ಕು. ನಾಲ್ಕು ಕಮ್ಮಿ."

"ಹತ್ತೊಂಬತ್ತು ಬಂದಿದ್ದು ದಂಡಾನಾ ಹಾಗಾದ್ರೆ? ಅದರಲ್ಲಿ ನಾಲ್ಕು ಈ ಕಡೆ ಎಳ್ಕೊಳ್ಳಿ!"

"ಹಾಗೆ ಎಳೆಯೋಕೆ ಬರಲ್ಲ."

"ಯಾಕೆ ಬರಲ್ಲ? ಮೇಡಂ, ನಮ್ಮ ಡಿಪೋದಲ್ಲಿ ಯಾರಾದ್ರೂ ಹಿಂಗೆ ತಲೆಬುಡ ಇಲ್ಲದ ಚಾರ್ಟ್ ಬರೆದ್ರೆ ಸಂಜೆಯೊಳಗೆ ಸಸ್ಪೆಂಡ್ ಆಗ್ತಾರೆ, ಗೊತ್ತಾ?"

ಅವರು ಕನ್ನಡಕ ಹಾಕಿಕೊಂಡು ನನ್ನನ್ನ ನೋಡಿದರು. "ನಿಮ್ಮ ಡಿಪೋದಲ್ಲಿ ಯಾರೂ ತಪ್ಪು ಮಾಡಲ್ವಾ?" ಅಂತ ಕೇಳಿದರು, ಕುಹಕ ಏನಿಲ್ಲ, ನಿಜವಾಗಿ ತಿಳಿದುಕೊಳ್ಳೋಕೆ ಅನ್ನೋ ಹಾಗೆ.

"ಮಾಡ್ತಾರೆ. ನಾನು ಬರೆದಿಟ್ಕೋತೀನಿ," ಅಂದೆ.

ಸುಳ್ಳಲ್ಲ ಅದು. ನಾನು ಬಸ್ ಡಿಪೋದಲ್ಲಿ ಟೈಮ್ ಕೀಪರ್. ಮೂವತ್ತೊಂದು ವರ್ಷ ಆಯ್ತು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಅದಕ್ಕೆ ಯಾವ ಡ್ರೈವರು, ಎಲ್ಲಾ ನನ್ನ ಪೆನ್ಸಿಲ್ ಹೇಳಿದ ಹಾಗೆ. ಬಸ್ಸು ತಡವಾದರೆ ಬರೆಯೋಕೆ ಒಂದು ರಿಜಿಸ್ಟರ್ ಇದೆ, ಕೊನೆಯಲ್ಲಿ 'ಕಾರಣ' ಅಂತ ಒಂದು ಕಾಲಂ. ಆ ಕಾಲಂನಲ್ಲಿ ಸಾವಿರಾರು ಸಲ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಅಂತ ಬರೆದಿದ್ದೇನೆ. ಟೈಮ್ ಕೀಪರ್ ಅಂತ ಒಂದು ಸಲವೂ ಬರೆದಿಲ್ಲ. ಬರೆಯೋ ಪ್ರಸಂಗವೇ ಬಂದಿರಲಿಲ್ಲ, ಅಥವಾ ಹಾಗಂತ ನಾನು ಅಂದುಕೊಂಡಿದ್ದೆ.

ಮಗಳಿಗೆ ಬೇಕಾಗಿದ್ದು ರಕ್ತ ಗಿಕ್ತ ಪರೀಕ್ಷೆ ಮಾಡೋ ಲ್ಯಾಬಿನ ಕೆಲಸ. ಚಿಕ್ಕಂದಿನಿಂದ ಅವಳ ಕೈ ಅಂದರೆ ಕೈ. ಸೂಜಿಗೆ ದಾರ ಹಾಕೋದಿದ್ದರೆ ಅವಳಮ್ಮ ಅವಳನ್ನೇ ಕರೆಯೋದು. ಎರಡು ವರ್ಷದ ತರಬೇತಿಗೆ ಸಂದರ್ಶನವೂ ಆಗಿ, ಒಂದು ಸೀಟು ಅವಳ ಹೆಸರಲ್ಲಿ ಹಿಡಿದಿಟ್ಟಿದ್ದರು. ಒಂದೇ ಷರತ್ತು, ಈ ವರ್ಷ ವಿಜ್ಞಾನ ಪಾಸಾಗಬೇಕು. ಇನ್ನೊಂದು ವರ್ಷ ಕಾಯಲ್ಲ, ಸೀಟು ಬೇರೆಯವರಿಗೆ ಹೋಗುತ್ತೆ ಅಂತ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಪ್ರಯೋಗದ ಹತ್ತೊಂಬತ್ತು ಹಾಗೇ ಉಳಿಯುತ್ತೆ. ಬರವಣಿಗೆ ಒಂದನ್ನೇ ಮತ್ತೆ ಬರೆಯಬೇಕು.

ಇಪ್ಪತ್ತನಾಲ್ಕೇ ಯಾಕೆ ಬಂತು ಅಂತ ಕೂರಿಸಿಕೊಂಡು ಕೇಳಿದೆ. ಪತ್ರಿಕೆಯಲ್ಲಿ ಮೂರು ಭಾಗ. ಮೊದಲು ಭೌತಶಾಸ್ತ್ರ, ಆಮೇಲೆ ರಸಾಯನ, ಕೊನೆಗೆ ಜೀವಶಾಸ್ತ್ರ. ಇವಳಿಗೆ ಚೆನ್ನಾಗಿ ಬರೋದು ಜೀವಶಾಸ್ತ್ರ. ಆದರೆ ಮಹಾತಾಯಿ ಮೊದಲಿಂದ ಸಾಲಾಗಿ ಬರೀತಾ ಕೂತು, ಒಂದು ಲೆಕ್ಕಕ್ಕೆ ನಲವತ್ತು ನಿಮಿಷ ಸುರಿದು, ಜೀವಶಾಸ್ತ್ರಕ್ಕೆ ಬರೋ ಹೊತ್ತಿಗೆ ಬೆಲ್ ಹೊಡೆದಿದೆ. ನೆಫ್ರಾನ್ ಅನ್ನೋ ಚಿತ್ರ ನಾಲ್ಕು ಮಾರ್ಕಿಗೆ ಬಂದಿತ್ತಂತೆ. ಕಣ್ಣು ಮುಚ್ಚಿ ಬರೆಯೋ ಚಿತ್ರ, ಮುಟ್ಟೋಕೇ ಆಗಲಿಲ್ಲ ಅಂದಳು. ನೆಫ್ರಾನ್ ಅಂದರೆ ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮೂತ್ರಪಿಂಡದೊಳಗೆ ಇರುತ್ತಂತೆ, ಇರಲಿ.

"ಇದು ಓದಿನ ತೊಂದರೆ ಅಲ್ಲ ಪುಟ್ಟಿ, ಟೈಮಿನ ತೊಂದರೆ," ಅಂದೆ. "ಟೈಮು ನಂಗೆ ಬಿಡು. ನೀನು ಓದು ಅಷ್ಟೇ."

ಆ ಮಾತಿಗೆ ಅವಳು ಅವಳಮ್ಮನ ಮುಖ ನೋಡಿದಳು. ಅವಳಮ್ಮ ಹೊಲಿಗೆ ಮಿಷನ್ ಮೇಲೆ ಬಗ್ಗಿದಳು.

ಡಿಪೋದಿಂದ ದೊಡ್ಡ ಹಾಳೆ ತಂದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಬಸ್ಸಿನ ರನ್ನಿಂಗ್ ಟೈಮ್ ಬರೆಯೋ ಹಾಗೇ ಪತ್ರಿಕೆಯ ರನ್ನಿಂಗ್ ಟೈಮ್ ಬರೆದೆ. ಹತ್ತು ಗಂಟೆಗೆ ಶುರು. ಮೊದಲ ಹದಿನೈದು ನಿಮಿಷ ಬರೀ ಪ್ರಶ್ನೆ ಓದಬೇಕಂತೆ, ಪೆನ್ನು ಮುಟ್ಟೋ ಹಾಗಿಲ್ಲ. ಬರೆಯೋಕಿರೋ ಹೊತ್ತಿನಲ್ಲೂ ಹದಿನೈದು ನಿಮಿಷ ಬರೆಯದೇ ಕೂರಿಸ್ತಾರೆ, ಇಂಥ ಬುದ್ಧಿ ಯಾರಿಗೆ ಬಂತೋ! ಉಳಿದ ನೂರಾ ಅರವತ್ತೈದು ನಿಮಿಷವನ್ನ ಮೂರು ಭಾಗ ಮಾಡಿ, ಒಂದೊಂದಕ್ಕೆ ಐವತ್ತೈದು ಕೊಟ್ಟೆ. ಜೀವಶಾಸ್ತ್ರ ಮೊದಲು ಬರೀಬಹುದಾ ಅಂತ ದೊಡ್ಡ ಮೇಡಂ ಹತ್ತಿರ ಮತ್ತೆ ಹೋಗಿ ಕೇಳಿದೆ. ಭಾಗದ ಹೆಸರು ಮೇಲೆ ಬರೆದರೆ ಯಾವುದನ್ನ ಬೇಕಾದರೂ ಮೊದಲು ಬರೀಬಹುದು ಅಂದರು. "ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಅಂತ ಗ್ರಹಚಾರ ಬಿಡಿಸಿದೆ. "ತರಗತಿಯಲ್ಲಿ ಹೇಳಿದೀವಿ," ಅಂದರು. ಮನೆಗೆ ಬಂದು ಮಗಳನ್ನ ಕೇಳಿದೆ. "ಹೌದಪ್ಪ, ಹೇಳಿದ್ರು. ಆದ್ರೂ ಆವತ್ತು ಭಯಕ್ಕೆ ಸಾಲಾಗೇ ಬರೆದುಬಿಟ್ಟೆ," ಅಂದಳು. ಏನಂತ ಬಯ್ಯೋದು ಇವರಿಗೆಲ್ಲಾ? ಆದರೂ ಬಯ್ದೆ.

ಹಾಳೆಯ ಕೆಳಗಡೆ ಪರೀಕ್ಷೆಯ ದಿನಗಳನ್ನ ಬರೆದೆ. ಸೋಮವಾರ ಭಾಷೆ, ಬುಧವಾರ ಗಣಿತ, ಶುಕ್ರವಾರ ವಿಜ್ಞಾನ, ಮುಂದಿನ ಸೋಮವಾರ ಸಮಾಜ. ನನ್ನ ಮಗಳಿಗೆ ಬೇಕಾಗಿದ್ದು ಶುಕ್ರವಾರ ಒಂದೇ. ಆದರೂ ಎಲ್ಲಾ ಬರೆದೆ, ಯಾಕಂದರೆ ಅದರಲ್ಲಿ ಡಿಪೋದ ಕೆಲಸವೂ ಇತ್ತು. ಅವರ ಸ್ಕೂಲೇ ಪರೀಕ್ಷಾ ಕೇಂದ್ರ, ಅದು ಇರೋದು ಊರಾಚೆ, ಇಟ್ಟಿಗೆ ಗೂಡುಗಳನ್ನೆಲ್ಲಾ ದಾಟಿ. ಅಲ್ಲಿಗೆ ಮಾಮೂಲಿ ಬಸ್ಸು ಒಂದು ಏಳೂವರೆಗೆ, ಇನ್ನೊಂದು ಹತ್ತೂ ಮುಕ್ಕಾಲಿಗೆ. ಅದಕ್ಕೇ ಪರೀಕ್ಷೆ ಇರೋ ದಿನ ಮಾತ್ರ ಎಂಟೂ ಐವತ್ತಕ್ಕೆ ಮಕ್ಕಳಿಗೆ ಅಂತ ಒಂದು ಸ್ಪೆಷಲ್ ಬಿಡ್ತೇವೆ. ಯಾವ್ಯಾವ ದಿನ ಬಿಡಬೇಕು ಅಂತ ಪಟ್ಟಿ ಬರೆಯೋನು ನಾನೇ. ಗೋಡೆ ಮೇಲಿದ್ದ ದಿನಗಳನ್ನೇ ಡಿಪೋದ ಪಟ್ಟಿಗೂ ಇಳಿಸಿದೆ. ಒಂದೇ ಕೈ, ಒಂದೇ ಲೆಕ್ಕ. ಎರಡೆರಡು ಕಡೆ ನೋಡೋ ಗೋಜೇ ಬೇಡ ಅನ್ನಿಸಿತು.

ಸೋಮವಾರ ಎಲ್ಲಾ ಸರಿಯಾಗಿ ನಡೆಯಿತು. ಮಂಗಳವಾರ ಸಂಜೆ ಎದ್ದ ಗಾಳಿಗೆ ಮರಗಳೆಲ್ಲಾ ರಸ್ತೆಗೆ ಬಿದ್ದವು, ಕರೆಂಟ್ ಹೋಯ್ತು, ಸ್ಕೂಲಿನ ಎರಡು ಕೋಣೆಯ ತಗಡು ಹಾರಿಹೋಯ್ತು. ಬುಧವಾರ ಬೆಳಿಗ್ಗೆ ಆರು ಗಂಟೆಗೆ ಡಿಪೋಗೆ ಫೋನ್ ಬಂತು, ಇವತ್ತಿನ ಪರೀಕ್ಷೆ ಮುಂದೂಡಿದ್ದಾರೆ ಅಂತ.

ಇಲ್ಲಿ ನಮ್ಮ ಡಿಪೋದ ಪದ್ಧತಿ ಒಂದನ್ನ ಹೇಳಬೇಕು. ಬಂದ್ ಆಗಿಯೋ, ಗಾಳಿಮಳೆಗೋ ಒಂದು ದಿನ ಬಸ್ಸು ಹೊರಡಲಿಲ್ಲ ಅಂದರೆ, ಆ ದಿನದ ಡ್ಯೂಟಿ ಮಾರನೇ ದಿನಕ್ಕೆ ಹೋಗುತ್ತೆ, ಮಾರನೇ ದಿನದ್ದು ಅದರ ಮಾರನೇ ದಿನಕ್ಕೆ. ಇಡೀ ಪಟ್ಟಿ ಒಂದು ದಿನ ಕೆಳಗೆ ಜಾರುತ್ತೆ. ಹಾಗೆ ಮಾಡಿದರೆ ಮಾತ್ರ ಯಾರ ಸರದಿಯೂ ತಪ್ಪಲ್ಲ, ಯಾರೂ ಜಗಳಕ್ಕೆ ಬರಲ್ಲ. ಮೂವತ್ತೊಂದು ವರ್ಷದಿಂದ ಹಾಗೇ ಮಾಡಿದ್ದೇನೆ. ಬುಧವಾರವೂ ಕೈ ತಾನಾಗೇ ಹೋಯ್ತು. ಗಣಿತ ಗುರುವಾರ, ವಿಜ್ಞಾನ ಶನಿವಾರ, ಸಮಾಜ ಮಂಗಳವಾರ. ಡಿಪೋದ ಪಟ್ಟಿ ತಿದ್ದಿದೆ. ಮನೆಗೆ ಬಂದು ಗೋಡೆಯ ಹಾಳೆಯನ್ನೂ ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿದೆ.

ಮಗಳು ನಿಂತು ನೋಡುತ್ತಿದ್ದಳು. "ಅಪ್ಪ, ಗಣಿತ ಒಂದೇ ಅಲ್ವಾ ಮುಂದಕ್ಕೆ ಹೋಗಿರೋದು? ಅದನ್ನ ಎಲ್ಲಾ ಮುಗಿದ ಮೇಲೆ ಕೊನೇಲಿ ಇಡ್ತಾರಂತೆ. ವಿಜ್ಞಾನ ಶುಕ್ರವಾರವೇ ಅನ್ಸುತ್ತೆ," ಅಂದಳು.

"ಅನ್ಸುತ್ತಾ? ನಿಂಗೆ ಅನ್ಸುತ್ತಾ? ಹೋದ ವರ್ಷ ಏನೇನೋ ಅನ್ಸಿತ್ತಲ್ಲ, ಏನಾಯ್ತು? ಮಧ್ಯದ ಒಂದನ್ನ ಕಿತ್ತು ಬಾಲಕ್ಕೆ ಕಟ್ಟೋಕೆ ಇದೇನು ಗಾಳಿಪಟವಾ? ಟೈಮ್ ಟೇಬಲ್ ಅಂದ್ರೆ ಟೈಮ್ ಟೇಬಲ್! ನೀನು ಹುಟ್ಟೋಕೆ ಮುಂಚೆಯಿಂದ ನಾನು ಟೇಬಲ್ ಬರೀತಾ ಇದೀನಿ. ಹೋಗು, ಓದ್ಕೋ ಹೋಗು."

ಅವಳು ಒಳಗೆ ಹೋದಳು. ಅವಳಮ್ಮ, "ಒಂದು ಮಾತು ಸ್ಕೂಲಲ್ಲಿ ವಿಚಾರಿಸ್ಬಾರ್ದಾ, ರೀ?" ಅಂದಳು. ಆ ಮೇಡಂ ಮುಂದೆ ಹೋಗಿ ಇದನ್ನೂ ಕೇಳೋದಾ? ಸಾಧ್ಯವೇ ಇಲ್ಲ ಅಂದೆ. ಸ್ವಲ್ಪ ಜೋರಾಗೇ ಅಂದೆ. ಮನೆಯಲ್ಲಿ ಆಮೇಲೆ ಯಾರೂ ಮಾತಾಡಲಿಲ್ಲ. ನನಗದು ಒಪ್ಪಿಗೆ ಅನ್ನಿಸಿತ್ತು.

ಗುರುವಾರ ಸ್ಪೆಷಲ್ ಬಿಟ್ಟೆ. ಆ ಬಸ್ಸಿನ ಡ್ರೈವರನ್ನ ಡಿಪೋದಲ್ಲಿ ಎಲ್ಲರೂ ಗೊಣಗಪ್ಪ ಅಂತಾರೆ, ಯಾಕೆ ಅಂತ ಹೇಳಬೇಕಾಗಿಲ್ಲ. ಹತ್ತು ಗಂಟೆಗೆ ವಾಪಸ್ ಬಂದು ನನ್ನ ಕಿಟಕಿಗೆ ಮುಖ ಹಾಕಿದ. "ಏನ್ ಸಾರ್ ಇದು? ಒಂದು ನರಪಿಳ್ಳೆ ಹತ್ತಲಿಲ್ಲ. ಖಾಲಿ ಬಸ್ಸು ಹೊಡ್ಕೊಂಡು ಹೋಗಿ ಖಾಲಿ ಬಸ್ಸು ಹೊಡ್ಕೊಂಡು ಬಂದೆ. ಸ್ಕೂಲ್ ಗೇಟಿಗೆ ಬೀಗ ಬೇರೆ ಇತ್ತು."

ಬೀಗ ಇತ್ತು ಅಂತ ಕಣ್ಣಾರೆ ಕಂಡು ಬಂದವನು ಹೇಳುತ್ತಿದ್ದಾನೆ. ನಾನು ಏನು ಹೇಳಿದೆ ಗೊತ್ತಾ? "ಪರೀಕ್ಷೆ ನಡೀವಾಗ ಗೇಟಿಗೆ ಬೀಗ ಹಾಕ್ದೆ ಇನ್ನೇನು ತೋರಣ ಕಟ್ತಾರಾ?" ಅಂದೆ. "ಈಗಿನ ಮಕ್ಕಳಿಗೆ ಬಸ್ಸು ಯಾಕೆ ಬೇಕು? ಅಪ್ಪಂದಿರ ಗಾಡಿ ಹಿಂದೆ ಕೂತ್ಕೊಂಡು ಹೋಗ್ತವೆ. ನಾವು ಇಲ್ಲಿ ಬಸ್ಸಿಗೆ, ಜನಕ್ಕೆ ಒದ್ದಾಡಿ ಸ್ಪೆಷಲ್ ಬಿಡೋದು!" ಅಂತ ಇಡೀ ಬೆಳಿಗ್ಗೆ ಮಕ್ಕಳ ಮೇಲೆ, ಅಪ್ಪಂದಿರ ಮೇಲೆ, ಕಾಲದ ಮೇಲೆ ಹರಿಹಾಯ್ದೆ. ಗೊಣಗಪ್ಪ ಗೊಣಗೋದು ಬಿಟ್ಟು ಕೇಳುತ್ತಾ ನಿಂತಿದ್ದ. ಅವನೇ ಸುಮ್ಮನಾದ ಅಂದ ಮೇಲೆ ನಾನು ಎಷ್ಟು ಮಾತಾಡಿರಬೇಕು ನೋಡಿ.

ಶುಕ್ರವಾರ ಬೆಳಗಿನ ಡ್ಯೂಟಿ. ಐದೂವರೆಗೆ ಮನೆ ಬಿಟ್ಟಾಗ ಮಗಳ ಕೋಣೆಯಲ್ಲಿ ದೀಪ ಇತ್ತು. ನಾಳೆ ಪರೀಕ್ಷೆ ಇಟ್ಟುಕೊಂಡು ಇವತ್ತೇ ಎದ್ದು ಓದುತ್ತಿದ್ದಾಳಲ್ಲ ಅಂತ ಖುಷಿಯಾಯಿತು. ಶುಕ್ರವಾರ ಸ್ಪೆಷಲ್ ಇಲ್ಲ. ಗೊಣಗಪ್ಪನಿಗೆ ಹತ್ತೂ ಮುಕ್ಕಾಲಿನ ಟ್ರಿಪ್ ಕೊಟ್ಟಿದ್ದೆ. ಅವನು ಕ್ಯಾಂಟೀನಿನಲ್ಲಿ ಕೂತು ಟೀ ಲೋಟದ ಅಂಚು ಒಡೆದಿದೆ ಅಂತ ಗೊಣಗುತ್ತಿದ್ದ.

ಒಂಬತ್ತೂ ನಲವತ್ತಕ್ಕೆ ಫೋನ್ ಹೊಡೆಯಿತು. ನಮ್ಮ ಬೀದಿ ಸ್ಟಾಪಿನ ಎದುರು ಔಷಧಿ ಅಂಗಡಿ ಇಟ್ಟಿರೋ ಆಸಾಮಿ.

"ಸಾರ್, ಸ್ಪೆಷಲ್ ಎಲ್ಲಿ? ಮಕ್ಕಳು ಎಂಟೂ ಮುಕ್ಕಾಲಿಂದ ನಿಂತಿದಾವೆ. ಇಪ್ಪತ್ತು ಇಪ್ಪತ್ತೈದು ಇದಾರೆ. ಕೆಲವರು ಸಿಕ್ಕಿದ ಗಾಡಿ ಹತ್ಕೊಂಡು ಹೋದ್ರು. ಉಳಿದವರು ಅಳ್ತಾ ಇದಾರೆ."

"ಇವತ್ತು ಯಾವ ಪರೀಕ್ಷೆರೀ?"

"ವಿಜ್ಞಾನ ಅಂತೆ. ನಿಮ್ಮ ಮಗಳೂ ಇಲ್ಲೇ ನಿಂತಿದಾಳಲ್ಲ ಸಾರ್!"

ಫೋನ್ ಹಿಡಿದೇ ತಲೆ ಎತ್ತಿದೆ. ಎದುರು ಗೋಡೆಯಲ್ಲಿ ನನ್ನದೇ ಪಟ್ಟಿ, ನನ್ನದೇ ಅಕ್ಷರ, ಶನಿವಾರದ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಹತ್ತಕ್ಕೆ ಪರೀಕ್ಷೆ ಶುರು. ಹತ್ತೂವರೆಗೆ ಗೇಟು ಮುಚ್ಚಿದರೆ ಮುಗಿಯಿತು, ದೇವರೇ ಬಂದು ಬಾಗಿಲು ತಟ್ಟಿದರೂ ಬಿಡಲ್ಲ. ಡಿಪೋದಿಂದ ಸ್ಟಾಪಿಗೆ ಹತ್ತು ನಿಮಿಷ, ಅಲ್ಲಿಂದ ಸ್ಕೂಲಿಗೆ ಇಪ್ಪತ್ತೈದು. ಮೂವತ್ತೊಂದು ವರ್ಷದಲ್ಲಿ ಇಷ್ಟು ಬೇಗ ಯಾವತ್ತೂ ಲೆಕ್ಕ ಹಾಕಿರಲಿಲ್ಲ.

ಕ್ಯಾಂಟೀನಿಗೆ ಓಡಿದೆ. ಗೊಣಗಪ್ಪನ ಕೈಯಿಂದ ಲೋಟ ಕಿತ್ತುಕೊಂಡೆ. "ಏಳು, ಏಳು! ಬಸ್ಸು ತೆಗಿ!"

"ನಂದು ಹತ್ತೂ ಮುಕ್ಕಾಲಿಗೆ ಸಾರ್."

"ತಪ್ಪಾಗಿದೆ ಕಣಯ್ಯಾ. ಪರೀಕ್ಷೆ ಇವತ್ತೇ!"

ಅವನು ನನ್ನ ಮುಖ ನೋಡಿದ. ಒಂದು ಮಾತು ಗೊಣಗದೆ ಎದ್ದ. ಅವನ ಜೊತೆ ನಾನೂ ಹತ್ತಿದೆ.

ಸ್ಟಾಪಿನಲ್ಲಿ ಮಕ್ಕಳು ಬಸ್ಸು ನಿಲ್ಲುವ ಮುಂಚೆಯೇ ಬಾಗಿಲಿಗೆ ಮುಗಿಬಿದ್ದರು. ಹದಿನೆಂಟು ಜನ. ಒಬ್ಬಳು ಬಿಕ್ಕುತ್ತಿದ್ದಳು, ಇನ್ನೊಬ್ಬ ಕಂಬಕ್ಕೆ ಒರಗಿ ಬಿಳಿಚಿಕೊಂಡು ನಿಂತಿದ್ದ. ನನ್ನ ಮಗಳು ಎಲ್ಲರನ್ನೂ ಹತ್ತಿಸಿ ಕೊನೆಗೆ ಹತ್ತಿದಳು. ಕೈಯಲ್ಲಿ ಹಾಲ್ ಟಿಕೆಟ್ಟು, ಎರಡು ಪೆನ್ನು, ಚಿತ್ರಕ್ಕೆ ಪೆನ್ಸಿಲ್ಲು. ನನ್ನನ್ನ ಕಂಡು ಒಂದು ಕ್ಷಣ ನಿಂತಳು.

"ನಿಂಗೆ ಗೊತ್ತಿತ್ತಾ, ಇವತ್ತೇ ಅಂತ?" ಅಂದೆ.

"ಗೊತ್ತಿತ್ತು. ಅಮ್ಮಂಗೂ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ ಅಪ್ಪ." ಅವಳ ಧ್ವನಿಯಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಒಳ್ಳೇದಿತ್ತು. "ಎರಡನೇ ಸಲ ಹೇಳಿದ್ರೆ ಮತ್ತೆ ಕೂಗಾಡ್ತೀರಿ. ಪರೀಕ್ಷೆ ಹಿಂದಿನ ದಿನ ಬೇಡ ಅಂತ ಅಮ್ಮ ಹೇಳಿದ್ಲು. ಮನೇಲಿ ಹಠ ಹಿಡೀತೀರಿ ಅಂತ ಗೊತ್ತಿತ್ತು. ಡಿಪೋದಲ್ಲೂ ಅದನ್ನೇ ಬರೆದಿರ್ತೀರಿ ಅಂತ ಗೊತ್ತಿರ್ಲಿಲ್ಲ."

ಹೋಗಿ ಕಿಟಕಿ ಪಕ್ಕ ಕೂತಳು. ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಾ ಏನೋ ನೆನಪು ಮಾಡಿಕೊಳ್ಳುತ್ತಿದ್ದಳು. ಮೊದಲು ಜೀವಶಾಸ್ತ್ರ, ಒಂದೊಂದಕ್ಕೆ ಐವತ್ತೈದು ಅಲ್ಲ, ಈಗ ಹೀಗೆ ಕಡಿಮೆ ಮಾಡ್ಕೋ ಅಂತ ಹೇಳೋಣ ಅಂತ ಎರಡು ಸಲ ಎದ್ದೆ. ಎರಡು ಸಲವೂ ವಾಪಸ್ ಕೂತೆ. ಆ ದಾರಿಯಲ್ಲಿ ಎಷ್ಟು ಗುಂಡಿ ಇವೆ, ಎಷ್ಟು ಉಬ್ಬು ಇವೆ ಅಂತ ಆವತ್ತೇ ನನಗೆ ತಿಳಿದದ್ದು. ಗೊಣಗಪ್ಪ ಒಂದರಲ್ಲೂ ನಿಧಾನ ಮಾಡಲಿಲ್ಲ.

ಹತ್ತೂ ಇಪ್ಪತ್ತಕ್ಕೆ ಗೇಟು ಮುಟ್ಟಿದೆವು. ದೊಡ್ಡ ಮೇಡಂ ಗೇಟಿನ ಹೊರಗೇ ನಿಂತು ರಸ್ತೆ ನೋಡುತ್ತಿದ್ದರು. ಮಕ್ಕಳನ್ನ ಒಂದೊಂದಾಗಿ ಬೆನ್ನು ತಟ್ಟಿ ಒಳಗೆ ಕಳಿಸಿದರು. ಎಲ್ಲರೂ ಹೋದ ಮೇಲೆ ನಾನು ಕೈ ಹಿಸುಕಿಕೊಂಡು ನಿಂತೆ.

"ಮೇಡಂ, ಇಪ್ಪತ್ತು ನಿಮಿಷ ಹೋಯ್ತು. ಕೊನೇಲಿ ಇಪ್ಪತ್ತು ನಿಮಿಷ ಜಾಸ್ತಿ ಕೊಡೋಕೆ ಬರುತ್ತಾ?"

"ಬರುತ್ತೆ, ಒಂದೇ ಸಂದರ್ಭದಲ್ಲಿ," ಅಂದರು. "ಮಳೆ, ಪಂಕ್ಚರ್, ಟ್ರಾಫಿಕ್ ಅಂದ್ರೆ ಕೊಡೋ ಹಾಗಿಲ್ಲ. ಪರೀಕ್ಷೆಗೆ ಅಂತ ಗೊತ್ತುಮಾಡಿದ ಬಸ್ಸು ಡಿಪೋದ ತಪ್ಪಿನಿಂದಲೇ ತಡ ಆಗಿದೆ ಅಂತ ಜವಾಬ್ದಾರಿ ಇರೋರು ಬರೆದು ಸಹಿ ಹಾಕಿ ಕೊಟ್ರೆ ಕೊಡಬಹುದು. ಆ ಪತ್ರ ಉತ್ತರ ಪತ್ರಿಕೆಗಳ ಜೊತೆ ಮೇಲಕ್ಕೆ ಹೋಗುತ್ತೆ. ಒಂದು ಪ್ರತಿ ನಿಮ್ಮ ಮೇಲಿನವರಿಗೂ."

ಕಾಗದ ಕೊಟ್ಟು ಆಫೀಸು ಕೋಣೆಯ ಬೆಂಚಿನ ಮೇಲೆ ಕೂರಿಸಿದರು. ನಾನು ಬರೆದೆ, 'ಅನಿವಾರ್ಯ ಕಾರಣಗಳಿಂದ ಬಸ್ಸು ತಡವಾಗಿ'.

ಅವರು ಬಗ್ಗಿ ನೋಡಿ, "ಅನಿವಾರ್ಯ ಆಗಿತ್ತಾ?" ಅಂತ ಕೇಳಿ, ಅದರ ಮೇಲೆ ಒಂದು ಗೆರೆ ಎಳೆದರು.

'ಡಿಪೋದಲ್ಲಿ ಮಾಹಿತಿಯ ಕೊರತೆಯಿಂದ' ಅಂತ ಬರೆದೆ.

"ಬುಧವಾರವೇ ನಿಮಗೆ ಕಾಗದ ಕಳಿಸಿದೀವಿ. 'ಉಳಿದ ಪರೀಕ್ಷೆಗಳು ಮೊದಲಿನಂತೆಯೇ' ಅಂತ ಅದರಲ್ಲಿತ್ತು. ಬಂದಿಲ್ವಾ?"

ಬಂದಿತ್ತು. ಟೇಬಲ್ ಮೇಲಿತ್ತು. ಪಟ್ಟಿ ಆಗಲೇ ತಿದ್ದಿಯಾಗಿತ್ತು ಅಂತ ನಾನು ಬಿಡಿಸಿ ಓದಿರಲಿಲ್ಲ. ಆ ಸಾಲಿನ ಮೇಲೂ ಗೆರೆ ಬಿತ್ತು.

'ವೇಳಾಪಟ್ಟಿಯಲ್ಲಿ ಆದ ಗೊಂದಲದಿಂದ' ಅಂತ ಬರೆದೆ. ಅವರು ಗೆರೆ ಎಳೆಯಲಿಲ್ಲ, ಸುಮ್ಮನೆ ನನ್ನ ಎದುರು ಕೂತರು.

"ನೋಡಿ, ಈ ಪತ್ರ ಬಂದ ತಕ್ಷಣ ಹಾಲಿಗೆ ಹೋಗಿ ಹೇಳ್ತೀನಿ. ಅಲ್ಲೀವರೆಗೂ ಆ ಮಕ್ಕಳು ಟೈಮ್ ಇಲ್ಲ ಅಂತ ಗಾಬರೀಲಿ ಬರೀತಾ ಇರ್ತಾರೆ. ನಿಮ್ಮ ಮಗಳು ಗಾಬರಿ ಆದ್ರೆ ಹೇಗೆ ಬರೀತಾಳೆ ಅಂತ ನಿಮಗೇ ಗೊತ್ತಲ್ಲ. ಯಾರ ತಪ್ಪು?"

ಸಾಲಾಗಿ ಬರೀತಾಳೆ. ಮೊದಲಿಂದ. ಭಯಕ್ಕೆ.

ಗೋಡೆ ಗಡಿಯಾರ ಹತ್ತೂ ಮೂವತ್ತೆರಡು ತೋರಿಸುತ್ತಿತ್ತು. ನಮ್ಮ ಡಿಪೋದಲ್ಲಾಗಿದ್ದರೆ ಸಂಜೆಯೊಳಗೆ ಸಸ್ಪೆಂಡ್ ಅಂತ ಇದೇ ಕೋಣೆಯಲ್ಲಿ ಎಗರಾಡಿದ್ದೆ. ಆ ಹೆಂಗಸು ಅದನ್ನ ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು! ಹೊಸ ಕಾಗದ ಕೇಳಿ ತೆಗೆದುಕೊಂಡೆ. 'ಬುಧವಾರದ ಪರೀಕ್ಷೆ ಮುಂದೂಡಿದಾಗ ಯಾರನ್ನೂ ಕೇಳದೆ, ಬಂದ ಕಾಗದವನ್ನೂ ಓದದೆ, ಎಲ್ಲಾ ಪರೀಕ್ಷೆಗಳೂ ಒಂದು ದಿನ ಮುಂದೆ ಹೋದವು ಎಂದು ನಾನೇ ತೀರ್ಮಾನಿಸಿ ಪಟ್ಟಿ ತಿದ್ದಿದೆ. ಮನೆಯಲ್ಲಿ ಒಬ್ಬರು ಸರಿಯಾದ ದಿನ ಹೇಳಿದರೂ ಕೇಳಲಿಲ್ಲ. ಇವತ್ತು ಬಸ್ಸು ಹೊರಡದಿದ್ದಕ್ಕೆ ಕಾರಣ: ಟೈಮ್ ಕೀಪರ್. ಡ್ರೈವರನ ತಪ್ಪೇನೂ ಇಲ್ಲ.' ಕೆಳಗೆ ಸಹಿ ಹಾಕಿದೆ. ಸಹಿ ನನ್ನದೇ ಅನ್ನಿಸಲಿಲ್ಲ.

ದೊಡ್ಡ ಮೇಡಂ ಓದಿದರು. "ಮನೆಯಲ್ಲಿ ಒಬ್ಬರು ಅನ್ನೋದು ಬೇಕಾಗಿರ್ಲಿಲ್ಲ," ಅಂದರು.

"ಇರ್ಲಿ ಬಿಡಿ ಮೇಡಂ," ಅಂದೆ.

ಅವರು ಎದ್ದು ಬೇಗಬೇಗ ಹಾಲಿನ ಕಡೆ ನಡೆದರು. ಅಷ್ಟು ಬೇಗ ನಡೆಯುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಡಿಪೋಗೆ ಫೋನ್ ಮಾಡಿ ಹತ್ತೂ ಮುಕ್ಕಾಲಿಗೆ ಬೇರೆ ಬಸ್ಸು ಹಾಕಿಸಿ, ಮಕ್ಕಳನ್ನ ವಾಪಸ್ ಕರೆದುಕೊಂಡು ಹೋಗೋಕೆ ನಮ್ಮದನ್ನ ಅಲ್ಲೇ ನಿಲ್ಲಿಸಿಕೊಂಡೆ. ಗೇಟಿನ ಹತ್ತಿರ ಮರದ ಕೆಳಗೆ ಕೂತೆ. ಗೊಣಗಪ್ಪ ಬಸ್ಸಿನಿಂದ ಇಳಿದು ಬಂದು ಪಕ್ಕದಲ್ಲಿ ಕೂತ. "ಗುರುವಾರ ಗೇಟಿಗೆ ಬೀಗ ಇತ್ತು ಅಂದಿದ್ದೆ ಸಾರ್," ಅಂದ. "ಅಂದಿದ್ದೆ," ಅಂದೆ. ನೀರಿನ ಬಾಟಲಿ ಕೊಟ್ಟ.

ಒಂದು ಗಂಟೆಗೆ ಬೆಲ್ ಹೊಡೆದು, ಟೈಮಿಗೆ ಬಂದಿದ್ದ ಮಕ್ಕಳೆಲ್ಲಾ ಗದ್ದಲ ಮಾಡಿಕೊಂಡು ಹೊರಗೆ ಬಂದವು. ನಮ್ಮ ಹದಿನೆಂಟು ಬರಲಿಲ್ಲ. ಅವರು ಬರದೇ ಇದ್ದದ್ದು ನೋಡಿ ನನಗೆ ಮೊದಲ ಸಲ ಉಸಿರು ಸರಿಯಾಗಿ ಬಂತು. ಒಂದೂ ಇಪ್ಪತ್ತಕ್ಕೆ ಎರಡನೇ ಬೆಲ್ ಆಯ್ತು.

ಮಗಳು ಬಸ್ಸು ಹತ್ತಿ ಈ ಸಲ ನನ್ನ ಪಕ್ಕದಲ್ಲೇ ಕೂತಳು. ಬೆರಳಿಗೆಲ್ಲಾ ಪೆನ್ಸಿಲ್ ಮಸಿ. ಹೇಗಾಯ್ತು ಅಂತ ಕೇಳೋಕೆ ನನಗೆ ಧೈರ್ಯ ಇರಲಿಲ್ಲ. ನಾನು, ಧೈರ್ಯ ಇಲ್ಲದೆ!

"ಮೇಡಂ ಹಾಲಲ್ಲಿ ಓದಿದ್ರು," ಅಂದಳು, ಇಟ್ಟಿಗೆ ಗೂಡು ದಾಟಿದ ಮೇಲೆ. "ಟೈಮ್ ಕೀಪರ್ ತಪ್ಪಿನಿಂದ ತಡ ಆಗಿದೆ, ಬಸ್ಸಲ್ಲಿ ಬಂದವರಿಗೆ ಇಪ್ಪತ್ತು ನಿಮಿಷ ಜಾಸ್ತಿ ಅಂತ. ನಾನು ಅಷ್ಟೊತ್ತಿಗೆ ಭೌತಶಾಸ್ತ್ರ ಶುರು ಮಾಡ್ಬಿಟ್ಟಿದ್ದೆ, ಭಯಕ್ಕೆ. ಅದನ್ನ ಕೇಳಿದ ಮೇಲೆ ನಿಲ್ಲಿಸಿ, ಹೊಸ ಪುಟ ತೆಗೆದು, ಮೇಲೆ ಜೀವಶಾಸ್ತ್ರ ಅಂತ ಬರೆದೆ." ಆಮೇಲೆ ನನ್ನ ಕಡೆ ತಿರುಗಿ, "ನಿಜವಾಗ್ಲೂ ನೀವೇ ಬರೆದ್ರಾ ಅಪ್ಪ? ತಪ್ಪು ಅಂತ?"

"ನಾನೇ ಬರೆದೆ. ನಿಮ್ಮ ಮೇಡಂ ಸುಲಭಕ್ಕೆ ಒಪ್ಪಲಿಲ್ಲ, ಮತ್ತೆ ಮತ್ತೆ ಬರೆಸಿದ್ರು."

ಅವಳು ನಕ್ಕಳು. ನನ್ನೆದುರು ಅವಳು ನಕ್ಕು ಎಷ್ಟು ತಿಂಗಳಾಗಿತ್ತೋ.

"ನೆಫ್ರಾನ್ ಬಂದಿತ್ತು," ಅಂದಳು. "ಅದನ್ನ ಕೊನೆಗೆ ಇಟ್ಕೊಂಡಿದ್ದೆ. ಎರಡನೇ ಬೆಲ್ಲಿಗೆ ಮುಂಚೆ ಮುಗೀತು, ಚಿತ್ರದ ಭಾಗಗಳ ಹೆಸರೂ ಎಲ್ಲಾ ಬರೆದೆ."

"ಎಷ್ಟು ಮಾರ್ಕಿಗೆ?"

"ನಾಲ್ಕು."

ನಾನು ಕಿಟಕಿ ಕಡೆ ತಿರುಗಿಕೊಂಡೆ. ನನ್ನ ಮುಖವನ್ನ ಗೊಣಗಪ್ಪ ಕನ್ನಡಿಯಲ್ಲಿ ನೋಡಿದರೆ ನಾಳೆ ಡಿಪೋ ತುಂಬಾ ಹೇಳಿಕೊಂಡು ಬರ್ತಾನೆ. ಪಾಸಾಗ್ತಾಳೋ ಇಲ್ಲವೋ, ಫಲಿತಾಂಶ ಬರೋಕೆ ಇನ್ನೂ ಒಂದು ತಿಂಗಳು. ನನ್ನ ಮೇಲೆ ಮೆಮೋ ಬರೋದು ಮಾತ್ರ ಸೋಮವಾರವೇ. ಬರಲಿ.

ಶರ್ಟಿನ ಜೇಬಿನಲ್ಲಿ ಸ್ಪೆಷಲ್ ಬಸ್ಸಿನ ಪಟ್ಟಿ ಮಡಿಸಿಟ್ಟಿದ್ದೆ, ಬರೋ ಗಡಿಬಿಡಿಯಲ್ಲಿ ಗೋಡೆಯಿಂದ ಕಿತ್ತುಕೊಂಡು ಬಂದಿದ್ದೆ. ಬಿಚ್ಚಿ ತೊಡೆ ಮೇಲೆ ಇಟ್ಟುಕೊಂಡೆ. ಶನಿವಾರ, ಮಂಗಳವಾರ, ಎರಡೂ ಅಲ್ಲೇ ಕೂತಿದ್ದವು.

"ಪುಟ್ಟಿ, ನಾಳೆ ಏನಾದ್ರೂ ಪರೀಕ್ಷೆ ಇದ್ಯಾ?"

"ಇಲ್ಲ ಅಪ್ಪ. ಸೋಮವಾರ ಸಮಾಜ. ಬುಧವಾರ ಗಣಿತ, ಆ ಮುಂದೂಡಿದ್ದು."

"ಸರಿಯಾಗಿ ಗೊತ್ತಾ?" ಅಂತ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ಕೆಂಪು ಪೆನ್ಸಿಲ್ ತೆಗೆದು ಅವಳ ಕೈಗೆ ಕೊಟ್ಟೆ. "ನೀನೇ ತಿದ್ದು."

ಅವಳು ನನ್ನನ್ನೊಮ್ಮೆ ನೋಡಿ, ಹಾಳೆಯನ್ನ ಮೊಣಕಾಲ ಮೇಲೆ ಇಟ್ಟುಕೊಂಡಳು. ಕುಲುಕುವ ಬಸ್ಸಿನಲ್ಲೇ ಶನಿವಾರ ಹೊಡೆದುಹಾಕಿದಳು, ಮಂಗಳವಾರ ಹೊಡೆದುಹಾಕಿದಳು, ಸೋಮವಾರ, ಬುಧವಾರ ಅಂತ ಬರೆದಳು. ಮೂವತ್ತೊಂದು ವರ್ಷದಲ್ಲಿ ಆ ಪಟ್ಟಿಯ ಮೇಲೆ ಬೇರೆಯವರ ಅಕ್ಷರ ಬಿದ್ದದ್ದು ಅದೇ ಮೊದಲು. ಅಕ್ಷರ ನೋಡಿದರೆ ಕೋಳಿ ಕಾಲು. ಹಾಗೇ ಮಡಿಸಿ ಜೇಬಿಗಿಟ್ಟುಕೊಂಡೆ.